ಕಾರ್ಖಾನೆಯ ಹೊಸ್ತಿಲು ದಾಟಿದ ವಿದ್ಯಾಲಯ

ಇಂಜಿನಿಯರಿಂಗ್ ಕಾಲೇಜಿಗೆ ಮಗನನ್ನೋ ಮಗಳನ್ನೋ ಕಳುಹಿಸಿದ ತಂದೆತಾಯಿಗಳು ನಮ್ಮಲ್ಲಿಗೆ ಬಂದಾಗ ಒಂದು ಮಾತನ್ನು ಪದೇ ಪದೇ ಆಡುವುದುಂಟು: "ಹುಡುಗ ಅಂಕಗಳನ್ನೇನೋ ಚೆನ್ನಾಗಿಯೇ ಪಡೆದ, ಆದರೆ ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಮೊದಲಿನಿಂದ ಕಲಿಸಬೇಕಾಯಿತೆಂದು ಕಾರ್ಖಾನೆಯವರು ಹೇಳುತ್ತಾರೆ." ಕಾರ್ಖಾನೆಯ ಒಡೆಯರನ್ನು ಕೇಳಿದರೆ ಅವರ ದೂರೂ ಇದೇ. ಇದು ನಮ್ಮ ನಾಡಿಗೆ, ನಮ್ಮ ಕಾಲಕ್ಕೆ ಮಾತ್ರ ಸೇರಿದ ದೂರೆಂದು ವಾಚಕರು ಭಾವಿಸಬೇಕಾಗಿಲ್ಲ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಓಹಾಯೋ ನದಿಯ ದಂಡೆಯ ಮೇಲಿರುವ ಸಿನ್ಸಿನಾಟಿ ನಗರದಲ್ಲಿ ಇದೇ ದೂರು ಕೇಳಿಬಂದಿತ್ತು. ಅಲ್ಲಿಯ ಜನ ದೂರಿನೊಂದಿಗೆ ನಿಲ್ಲಲಿಲ್ಲ ಎಂಬುದರಿಂದಲೇ ಆ ಇತಿಹಾಸವನ್ನು ಇಲ್ಲಿ ನಿರೂಪಿಸಲು ಹೊರಟಿದ್ದೇವೆ.

ಸಿನ್ಸಿನಾಟಿ ಆ ಕಾಲಕ್ಕೆ ಯಂತ್ರಗಳನ್ನು ಮಾಡುವ ಯಂತ್ರಗಳ ಊರು. ಲೇತು, ಮಿಲ್ಲಿಂಗ್ ಯಂತ್ರ, ಡ್ರಿಲ್ಲಿಂಗ್ ಯಂತ್ರ ಮೊದಲಾದವುಗಳನ್ನು ತಯಾರಿಸುವ ಅನೇಕ ಕಾರ್ಖಾನೆಗಳು ಅಲ್ಲಿ ನೆಲೆಗೊಂಡಿದ್ದವು. ಆ ಕಾರ್ಖಾನೆಗಳಿಗೆ ಒಂದು ಸಂಕಟ ಬಂದೊದಗಿತ್ತು. ಹಿಂದಿನ ಕಾಲದಲ್ಲಿ ಹುಡುಗನೊಬ್ಬ ಉಸ್ತಾದನ ಕೈಕೆಳಗೆ ಹಲವು ವರ್ಷ ದುಡಿದು, ಕೆಲಸದ ಎಲ್ಲ ಅಂಗಗಳನ್ನೂ ಅರಿತು ತಾನೂ ಉಸ್ತಾದನಾಗುತ್ತಿದ್ದ. ಯಂತ್ರಗಳು ಹೆಚ್ಚಿದಂತೆ ಕೆಲಸ ತುಂಡುತುಂಡಾಯಿತು. ಒಬ್ಬನು ದಿನವೆಲ್ಲ ಒಂದೇ ರಂಧ್ರವನ್ನು ಕೊರೆಯುವವನಾದ. ಇಡೀ ಯಂತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲ ಮೇಲ್ವಿಚಾರಕರು ವಿರಳರಾದರು. ಕಾಲೇಜಿನಿಂದ ಬಂದ ಪದವೀಧರನಿಗೆ ಗಣಿತ ಗೊತ್ತಿತ್ತು. ಆದರೆ ಎರಕದ ಮನೆಯ ಶಾಖದಲ್ಲಿ ನಿಲ್ಲುವುದು ಗೊತ್ತಿರಲಿಲ್ಲ, ಕೆಲಸಗಾರರೊಡನೆ ಮಾತನಾಡುವುದಂತೂ ಗೊತ್ತೇ ಇರಲಿಲ್ಲ.

ಈ ಊರಿಗೆ 1903ರಲ್ಲಿ ಸಿವಿಲ್ ಇಂಜಿನಿಯರಿಂಗ್ ಅಧ್ಯಾಪಕರಾಗಿ ಬಂದವರು ಹರ್ಮನ್ ಶ್ನೈಡರ್. ಅವರು 1872ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ, ಸಮ್ಮಿಟ್ ಹಿಲ್ ಎಂಬ ಊರಿನಲ್ಲಿ ಹುಟ್ಟಿದವರು. ಲೀಹೈ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವಾಸ್ತುಶಿಲ್ಪಿಯೊಬ್ಬರ ಬಳಿ ದುಡಿದು ತಮ್ಮ ಓದಿನ ಖರ್ಚನ್ನು ಹೊಂದಿಸಿಕೊಂಡವರು. 1894ರಲ್ಲಿ ಪದವಿ ಪಡೆದು, ಕೆಲವು ವರ್ಷ ಪಶ್ಚಿಮದ ರೈಲುಮಾರ್ಗಗಳಲ್ಲಿ ಸೇತುವೆ ಕಟ್ಟುವ ಕೆಲಸ ಮಾಡಿ, 1899ರಲ್ಲಿ ತಾವು ಕಲಿತ ಲೀಹೈಗೇ ಅಧ್ಯಾಪಕರಾಗಿ ಮರಳಿದರು. ಆ ವಿಶ್ವವಿದ್ಯಾಲಯದ ಪಕ್ಕದಲ್ಲಿಯೇ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ ಇತ್ತು. ಒಂದು ಸಂಜೆ ಕಾಲೇಜಿನ ಆವರಣದಲ್ಲಿ ಅಡ್ಡಾಡುತ್ತಿದ್ದಾಗ ಆ ಕಾರ್ಖಾನೆಯ ಕುಲುಮೆಯೊಂದು ಒಮ್ಮೆಲೇ ಬೆಂಕಿಯುಗುಳಿ ಆಕಾಶವನ್ನು ಬೆಳಗಿತೆಂದೂ, ಇಷ್ಟು ದೊಡ್ಡ ಪ್ರಯೋಗಶಾಲೆ ಗೋಡೆಯಾಚೆ ಇರುವಾಗ ಕಾಲೇಜು ತನ್ನದೇ ಪುಟ್ಟ ಪ್ರಯೋಗಶಾಲೆಗಾಗಿ ಹಣ ಕೂಡಿಸುವುದೇಕೆ ಎಂಬ ವಿಚಾರ ಅವರಿಗೆ ಆಗಲೇ ಹೊಳೆಯಿತೆಂದೂ ಹೇಳುತ್ತಾರೆ. ಇಂಥ ಕಥೆಗಳನ್ನು ಅಕ್ಷರಶಃ ನಂಬಬೇಕೆಂದಿಲ್ಲ. ನಂಬಲರ್ಹವಾದುದು ಅದರ ನಂತರ ಅವರು ಮಾಡಿದ ಕೆಲಸ. ಲೀಹೈಯ ಹಳೆಯ ವಿದ್ಯಾರ್ಥಿಗಳಲ್ಲಿ ವೃತ್ತಿಯಲ್ಲಿ ಹೆಸರು ಮಾಡಿದವರು ಯಾರು, ಅವರು ಓದುವ ಕಾಲದಲ್ಲಿ ಹೇಗಿದ್ದರು ಎಂದು ಶ್ನೈಡರ್ ವಿಚಾರಿಸುತ್ತ ಹೋದರು. ಅವರಲ್ಲಿ ಬಹುಮಂದಿ ಓದುವಾಗಲೇ ಎಲ್ಲಿಯಾದರೂ ದುಡಿದವರಾಗಿದ್ದರು. ಬಡತನದಿಂದ ದುಡಿದವರಿಗೆ ಅರಿವಿಲ್ಲದೆಯೇ ದೊರೆತ ಲಾಭವನ್ನು ಎಲ್ಲ ವಿದ್ಯಾರ್ಥಿಗಳಿಗೂ ವ್ಯವಸ್ಥಿತವಾಗಿ ಒದಗಿಸಬಾರದೇಕೆ? ಶ್ನೈಡರ್ ಅವರ ಯೋಜನೆಯ ಬೀಜ ಇದು.

ಸಿನ್ಸಿನಾಟಿಯ ವಿಶ್ವವಿದ್ಯಾಲಯ ಆಗ ನಗರಸಭೆಯ ಸೊತ್ತಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಊರಿನವರ ತೆರಿಗೆಯ ಹಣದಿಂದ ನಡೆಯುವ ವಿದ್ಯಾಲಯ ಊರಿನವರ ದುಡಿಮೆಗೆ ಏನು ಕೊಡುತ್ತದೆ ಎಂದು ಕೇಳುವ ಹಕ್ಕು ಊರಿನವರಿಗಿತ್ತು. 1904ರಲ್ಲಿ ಅಧ್ಯಕ್ಷರಾಗಿ ಬಂದ ಚಾರ್ಲ್ಸ್ ಡಾಬ್ನಿಯವರು ಶ್ನೈಡರ್ ಅವರ ವಿಚಾರಕ್ಕೆ ಕಿವಿಗೊಟ್ಟರು. ಕಾರ್ಖಾನೆಯವರಲ್ಲಿ ಮಿಲ್ಲಿಂಗ್ ಯಂತ್ರಗಳ ತಯಾರಕರಾದ ಫ್ರೆಡರಿಕ್ ಗೈಯರ್ ಅವರಂಥವರು ಬೆಂಬಲಿಸಿದರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದರೋ ಈ ಪ್ರಯೋಗವನ್ನು ಒಂದು ವರ್ಷದ ಮಟ್ಟಿಗೆ ಮಾತ್ರ ನಡೆಸಲು ಅನುಮತಿಯಿತ್ತು, ಅದು ವಿಫಲವಾದರೆ ತಾನು ಹೊಣೆಯಲ್ಲವೆಂದು ನಿರ್ಣಯದಲ್ಲಿಯೇ ಬರೆಸಿತು! ಸಭೆಗಳ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಯೋಜನೆ ಪ್ರಾರಂಭವಾಯಿತು. ಅದರ ವಿಧಾನ ಸರಳವಾಗಿತ್ತು. ಒಂದು ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಜೋಡಿಯಾಗಿ ನಿಯಮಿಸುವುದು. ಒಂದು ವಾರ ಮೊದಲನೆಯವನು ಕಾರ್ಖಾನೆಯಲ್ಲಿ, ಎರಡನೆಯವನು ತರಗತಿಯಲ್ಲಿ. ಮುಂದಿನ ವಾರ ಅದಲುಬದಲು. ಹೀಗಾಗಿ ಕಾರ್ಖಾನೆಯಲ್ಲಿ ಆ ಸ್ಥಾನ ಎಂದೂ ಬರಿದಾಗುತ್ತಿರಲಿಲ್ಲ. ಕಾಲೇಜಿನ ಬೆಂಚೂ ಬರಿದಾಗುತ್ತಿರಲಿಲ್ಲ. ವಾರ ಮುಗಿಯುವ ಹೊತ್ತಿಗೆ ಜೊತೆಗಾರರಿಬ್ಬರೂ ಭೇಟಿಯಾಗಿ, ಕೆಲಸ ಎಲ್ಲಿಯವರೆಗೆ ಬಂದಿದೆ, ಯಾವ ಭಾಗ ಅರ್ಧಕ್ಕೆ ನಿಂತಿದೆ ಎಂಬುದನ್ನು ಒಬ್ಬನಿಗೊಬ್ಬ ಒಪ್ಪಿಸಬೇಕಾಗಿತ್ತು. ತಾನು ಮಾಡಿದುದನ್ನು ಇನ್ನೊಬ್ಬನಿಗೆ ತಿಳಿಯುವಂತೆ ಹೇಳಬೇಕಾದಾಗ ಮನುಷ್ಯ ತನ್ನ ಕೆಲಸವನ್ನು ಎರಡನೆಯ ಸಲ ಕಲಿಯುತ್ತಾನೆ. ವಿದ್ಯಾರ್ಥಿಗಳಿಗೆ ಇತರ ಕೆಲಸಗಾರರಂತೆಯೇ ಕೂಲಿ ದೊರೆಯುತ್ತಿತ್ತು, ಕಾರ್ಖಾನೆಯ ಶಿಸ್ತು ಅವರಿಗೂ ಅನ್ವಯಿಸುತ್ತಿತ್ತು. ಎರಕದ ಮನೆಯಿಂದ ಮೊದಲ್ಗೊಂಡು ಯಂತ್ರಶಾಲೆ, ಜೋಡಣೆ, ನಕ್ಷೆಯ ಕೋಣೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ರಮ ಇತ್ತು. ನಾಲ್ಕು ವರ್ಷದ ವ್ಯಾಸಂಗ ಈ ರೀತಿಯಲ್ಲಿ ಆರು ವರ್ಷಕ್ಕೆ ಹಿಗ್ಗಿತು.

ವಿರೋಧವೂ ಸಾಕಷ್ಟಿತ್ತು. ಪ್ರಾಧ್ಯಾಪಕರಲ್ಲಿ ಕೆಲವರು ಇದರಿಂದ ವಿದ್ಯೆಯ ಮಟ್ಟ ಕುಸಿಯುವುದೆಂದರು. ಒಂದು ವಾರ ಕಲಿತುದನ್ನು ಮುಂದಿನ ವಾರದ ಸುತ್ತಿಗೆಯ ಸದ್ದು ಮರೆಸುವುದೆಂದರು. ಕಾರ್ಖಾನೆಗಳ ಕಡೆಯಲ್ಲಿ, ಪುಸ್ತಕದ ಹುಡುಗರು ಕೈಗೆ ಎಣ್ಣೆ ಮೆತ್ತಿಕೊಂಡಾರೆಯೇ ಎಂಬ ಶಂಕೆ. ಇವೆರಡಕ್ಕಿಂತಲೂ ಗಂಭೀರವಾದ ಮೂರನೆಯ ಪ್ರಶ್ನೆಯೊಂದಿತ್ತು: ಅಗ್ಗದ ಕೂಲಿಗೆ ದೊರೆಯುವ ಹುಡುಗನನ್ನು ಕಾರ್ಖಾನೆಯವನು ಒಂದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಲ್ಲಿಸಿಕೊಂಡರೆ, ಅದು ವಿದ್ಯಾಭ್ಯಾಸವೆನಿಸೀತೇ?

ಶ್ನೈಡರ್ ಅವರ ನಿಜವಾದ ಪ್ರತಿಭೆ ಕಾಣುವುದು ಈ ಮೂರನೆಯ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದಲ್ಲಿ. ವಾರದ ಅದಲುಬದಲನ್ನು ಯಾರಾದರೂ ಯೋಚಿಸಬಹುದಾಗಿತ್ತು. ಅವರು ಹೊಸದೊಂದು ಬಗೆಯ ಅಧ್ಯಾಪಕನನ್ನು ಸೃಷ್ಟಿಸಿದರು. ಅವನನ್ನು ಸಂಯೋಜಕನೆಂದು ಕರೆದರು. ಅವನು ಕಾಲೇಜಿನಲ್ಲಿ ಓದಿದವನೂ ಹೌದು, ಕಾರ್ಖಾನೆಯನ್ನು ಬಲ್ಲವನೂ ಹೌದು. ಅವನು ಕಾರ್ಖಾನೆಗಳಿಗೆ ಹೋಗಿ ವಿದ್ಯಾರ್ಥಿಗಳು ಯಾವ ಯಂತ್ರದ ಮುಂದೆ ಯಾವ ಕೆಲಸ ಮಾಡುತ್ತಿದ್ದಾರೆಂಬುದನ್ನು ಕಣ್ಣಾರೆ ನೋಡುತ್ತಿದ್ದ. ಅದೇ ವಿದ್ಯಾರ್ಥಿಗಳು ಮುಂದಿನ ವಾರ ತರಗತಿಗೆ ಬಂದಾಗ ಆ ಕೆಲಸವನ್ನೇ ಪಾಠವಾಗಿ ಎತ್ತಿಕೊಳ್ಳುತ್ತಿದ್ದ. ಆ ಉಪಕರಣದ ಅಂಚನ್ನು ಆ ಕೋನದಲ್ಲಿಯೇ ಏಕೆ ಸಾಣೆ ಹಿಡಿದರು? ಆ ಎರಕದ ಒಳಗೆ ಗುಳ್ಳೆ ಬಿದ್ದುದೇಕೆ? ಪಟ್ಟಿ ಜಾರಿದ್ದು ಭಾರದಿಂದಲೋ ವೇಗದಿಂದಲೋ? ಉತ್ತರ ಹೇಳಲು ವಿದ್ಯಾರ್ಥಿ ಗಣಿತಕ್ಕೂ ಭೌತಶಾಸ್ತ್ರಕ್ಕೂ ಹೋಗಬೇಕಾಗುತ್ತಿತ್ತು. ಒಂದೇ ಕೆಲಸದಲ್ಲಿ ಹುಡುಗನನ್ನು ಕಟ್ಟಿಹಾಕಿದ್ದರೆ ಸಂಯೋಜಕನು ಮೇಲ್ವಿಚಾರಕನೊಡನೆ ಮಾತನಾಡಿ ಅವನನ್ನು ಮುಂದಿನ ಮೆಟ್ಟಿಲಿಗೆ ಸಾಗಿಸಬೇಕು. ವಿದ್ಯಾರ್ಥಿಯ ಪರವಾಗಿ ಕಾರ್ಖಾನೆಯಲ್ಲಿ ನಿಲ್ಲುವವನು, ಕಾರ್ಖಾನೆಯ ಪರವಾಗಿ ತರಗತಿಯಲ್ಲಿ ನಿಲ್ಲುವವನು ಅವನೊಬ್ಬನೇ.

ಕೆಲಸಗಳಲ್ಲಿ ಎರಡು ಬಗೆಯುಂಟೆಂದು ಶ್ನೈಡರ್ ಬರೆದಿದ್ದಾರೆ: ಮಾಡುವವನ ಚೈತನ್ಯವನ್ನು ಹೆಚ್ಚಿಸುವ ಕೆಲಸ, ಚೈತನ್ಯವನ್ನು ಹೀರುವ ಕೆಲಸ. ಯಂತ್ರಯುಗ ಎರಡನೆಯದನ್ನು ಹೆಚ್ಚಿಸುತ್ತಿದೆಯೆಂಬ ಆತಂಕ ಅವರಿಗಿತ್ತು. ಅವರನ್ನು ಕಾರ್ಖಾನೆಯ ಒಡೆಯರ ವಕೀಲರೆಂದು ತಿಳಿದವರು ಈ ಭಾಗವನ್ನು ಓದಿರಲಾರರು.

ಒಂದು ವರ್ಷದ ಪ್ರಯೋಗ ನಿಲ್ಲಲಿಲ್ಲ. ಶ್ನೈಡರ್ ಇಂಜಿನಿಯರಿಂಗ್ ಕಾಲೇಜಿನ ಡೀನ್ ಆದರು, 1929ರಿಂದ 1932ರವರೆಗೆ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು, 1939ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪದ್ಧತಿ ಬೇರೆಡೆಗೂ ಹರಡಿತ್ತು. ಮಸಾಚುಸೆಟ್ಸಿನ ಫಿಚ್‌ಬರ್ಗ್ ಎಂಬ ಊರಿನ ಪ್ರೌಢಶಾಲೆ 1908ರಲ್ಲಿಯೇ ಸ್ಥಳೀಯ ಯಂತ್ರಶಾಲೆಗಳೊಂದಿಗೆ ಇದನ್ನು ಆರಂಭಿಸಿತು. ಬೋಸ್ಟನ್ನಿನ ನಾರ್ತ್‌ಈಸ್ಟರ್ನ್ 1909ರಲ್ಲಿ ಕೈಗೊಂಡಿತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಅದರ ಸ್ಥಾಪಕರಲ್ಲಿ ಆ ಊರಿನ ಕೈಗಾರಿಕೋದ್ಯಮಿಗಳು ಪ್ರಮುಖರು.

ಆದರೆ ಸಿನ್ಸಿನಾಟಿಯ ಪದ್ಧತಿಯಲ್ಲಿ ಒಂದು ಕೊರತೆಯಿತ್ತೆಂಬುದನ್ನು ಮರೆಮಾಚಬಾರದು. ಅಲ್ಲಿ ವಿದ್ಯಾರ್ಥಿ ಮುಖ್ಯವಾಗಿ ಕೆಲಸಗಾರ. ಕಾರ್ಖಾನೆಯ ಸಮಸ್ಯೆಗಳನ್ನು ಅವನು ಕಾಣುತ್ತಿದ್ದ, ಅವುಗಳಿಂದ ಕಲಿಯುತ್ತಿದ್ದ. ಅವುಗಳನ್ನು ಬಿಡಿಸುವ ಹೊಣೆ ಅವನ ಮೇಲಿರಲಿಲ್ಲ. ಇದಲ್ಲದೆ, ಕಾರ್ಖಾನೆಗೆ ಕೆಲಸವಿಲ್ಲದಿದ್ದರೆ ವಿದ್ಯಾರ್ಥಿಗೂ ಇಲ್ಲ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ಸಂಸಾರವಂತ ಕೆಲಸಗಾರರನ್ನೇ ಮನೆಗೆ ಕಳುಹಿಸುತ್ತಿದ್ದಾಗ ವಿದ್ಯಾರ್ಥಿಗಳಿಗೆ ಸ್ಥಾನ ಕೇಳುವುದು ಸುಲಭವಾಗಿರಲಿಲ್ಲ, ಧರ್ಮವೂ ಆಗಿರಲಿಲ್ಲವೇನೋ.

ಸಮಸ್ಯೆಯನ್ನೇ ಕೇಂದ್ರದಲ್ಲಿಟ್ಟ ಇನ್ನೊಂದು ಪ್ರಯೋಗ ಅದೇ ಕಾಲದಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅದರ ಕರ್ತೃ ರಾಬರ್ಟ್ ಕೆನೆಡಿ ಡಂಕನ್, ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಕಾರ್ಖಾನೆಯವನೊಬ್ಬ ತನ್ನನ್ನು ಕಾಡುವ ಒಂದು ಸಮಸ್ಯೆಯನ್ನು ಹೆಸರಿಸಬೇಕು. ಅದರ ಸಂಶೋಧನೆಗೆ ತಗಲುವ ವೇತನವನ್ನು ವಿಶ್ವವಿದ್ಯಾಲಯಕ್ಕೆ ಕೊಡಬೇಕು. ಯೋಗ್ಯನಾದ ತರುಣನೊಬ್ಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಅದೊಂದರ ಮೇಲೆಯೇ ಕೆಲಸ ಮಾಡಬೇಕು. 1907ರಲ್ಲಿ ದೊರೆತ ಮೊತ್ತಮೊದಲ ಸಮಸ್ಯೆ ಯಾವುದೆಂದು ವಾಚಕರು ಊಹಿಸಲಾರರು: ಬಟ್ಟೆ ಒಗೆಯುವುದು! ಲಾಂಡ್ರಿಯವರೊಬ್ಬರು ತಮ್ಮ ಕಸುಬಿನ ರಸಾಯನವನ್ನು ಅರಿಯಬಯಸಿದ್ದರು. ಅಗಸನ ಕೆಲಸವನ್ನು ವಿಶ್ವವಿದ್ಯಾಲಯದ ಮೇಜಿನ ಮೇಲೆ ತಂದಿಟ್ಟ ಡಂಕನ್ನರ ಧೈರ್ಯವನ್ನು ನಾವಂತೂ ಮೆಚ್ಚುತ್ತೇವೆ.

ಬ್ರೆಡ್ಡಿನ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಬೇಕರಿಯವರಿಗೆ ಒಂದು ಒಗಟು ಕಾಡುತ್ತಿತ್ತು. ಅದೇ ಹಿಟ್ಟು, ಅದೇ ಈಸ್ಟು, ಅದೇ ಅಳತೆ. ಆದರೂ ಒಂದು ಊರಿನಲ್ಲಿ ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ, ಇನ್ನೊಂದು ಊರಿನಲ್ಲಿ ಹಾಗೆ ಉಬ್ಬುವುದಿಲ್ಲ. ಹೆನ್ರಿ ಕೋಮನ್ ಎಂಬ ತರುಣ ಸಂಶೋಧಕರು ಕಾನ್ಸಾಸಿನಲ್ಲಿಯೂ ಮುಂದೆ ಪಿಟ್ಸ್‌ಬರ್ಗಿನಲ್ಲಿಯೂ ಬ್ರೆಡ್ಡಿನ ಸಂಶೋಧನೆಯನ್ನು ನಡೆಸಿದರು. ವ್ಯತ್ಯಾಸವಿದ್ದುದು ನೀರಿನಲ್ಲಿ. ನೀರಿನಲ್ಲಿ ಕರಗಿದ ಕೆಲವು ಲವಣಗಳು ಈಸ್ಟಿನ ಬೆಳವಣಿಗೆಗೆ ನೆರವಾಗುತ್ತಿದ್ದವು; ಮೆದು ನೀರಿನ ಊರುಗಳಲ್ಲಿ ಅವು ಇರಲಿಲ್ಲ. ಆ ಲವಣಗಳನ್ನು ಹಿಟ್ಟಿಗೆ ಸ್ವಲ್ಪ ಸೇರಿಸಿದರೆ ಕಡಿಮೆ ಈಸ್ಟಿನಿಂದಲೇ ಎಲ್ಲೆಡೆಯೂ ಒಂದೇ ಬಗೆಯ ಬ್ರೆಡ್ಡು ಸಿದ್ಧವಾಗುತ್ತಿತ್ತು. ಆ ಮಿಶ್ರಣ ಮಾರುಕಟ್ಟೆಗೆ ಬಂದಾಗ ಅದಕ್ಕಿಟ್ಟ ಹೆಸರು 'ಆರ್ಕೆಡಿ'. ಆರ್, ಕೆ, ಡಿ: ರಾಬರ್ಟ್ ಕೆನೆಡಿ ಡಂಕನ್ ಎಂಬ ಗುರುವಿನ ಹೆಸರಿನ ಮೊದಲಕ್ಷರಗಳೇ ಅವು.

ಡಂಕನ್ನರ ಪುಸ್ತಕವೊಂದನ್ನು ಓದಿದ ಬ್ಯಾಂಕಿನ ಒಡೆಯ ಆಂಡ್ರೂ ಮೆಲನ್ ಅವರು ತಮ್ಮ ಸಹೋದರ ರಿಚರ್ಡ್ ಅವರೊಡಗೂಡಿ ನೀಡಿದ ನೆರವಿನಿಂದ ಈ ಯೋಜನೆ ಪಿಟ್ಸ್‌ಬರ್ಗಿಗೆ ಬಂದು, 1913ರಲ್ಲಿ ಮೆಲನ್ ಸಂಸ್ಥೆಯಾಯಿತು. ಮರುವರ್ಷವೇ, 1914ರಲ್ಲಿ, ಡಂಕನ್ ತೀರಿಕೊಂಡರು. 1967ರಲ್ಲಿ ಈ ಸಂಸ್ಥೆ ಕಾರ್ನೆಗಿ ತಾಂತ್ರಿಕ ವಿದ್ಯಾಲಯದೊಂದಿಗೆ ಸೇರಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವಾಯಿತು.

ಇಲ್ಲಿಯೂ ಒಂದು ಧರ್ಮಸೂಕ್ಷ್ಮವಿತ್ತು. ಹಣ ಕೊಟ್ಟವನು ಕಾರ್ಖಾನೆಯ ಒಡೆಯ; ಕಂಡುಹಿಡಿದವನು ವಿದ್ಯಾರ್ಥಿ; ಆಶ್ರಯವಿತ್ತದ್ದು ಸಾರ್ವಜನಿಕರ ವಿದ್ಯಾಲಯ. ಜ್ಞಾನ ಯಾರದು? ಡಂಕನ್ನರ ಒಪ್ಪಂದದ ಪ್ರಕಾರ ಶೋಧದ ಫಲ ಮೊದಲು ಹಣವಿತ್ತವನಿಗೆ ಸೇರಬೇಕು, ಲಾಭದಲ್ಲಿ ಸಂಶೋಧಕನಿಗೂ ಒಂದು ಪಾಲು ಇರಬೇಕು. ಕೆಲವು ವರ್ಷಗಳು ಕಳೆದ ಮೇಲೆ ವಿಶ್ವವಿದ್ಯಾಲಯ ಆ ಶೋಧವನ್ನು ಜನಹಿತಕ್ಕಾಗಿ ಪ್ರಕಟಿಸಬಹುದು. ಆ ಕೆಲವು ವರ್ಷಗಳ ಮೌನವನ್ನು ಎಲ್ಲರೂ ಒಪ್ಪಲಿಲ್ಲ. ವ್ಯಾಪಾರಸ್ಥರ ಕೈಯಲ್ಲಿ ವಿಶ್ವವಿದ್ಯಾಲಯಗಳು ಸಿಲುಕುತ್ತಿವೆಯೆಂದು ಥಾರ್ಸ್ಟೀನ್ ವೆಬ್ಲೆನ್ ಎಂಬ ಅರ್ಥಶಾಸ್ತ್ರಜ್ಞರು 1918ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅವರ ಮಾತು ಕಟುವಾಗಿದ್ದರೂ ನಿರಾಧಾರವಾಗಿರಲಿಲ್ಲ.

ಎಂ.ಐ.ಟಿ. ಎಂದು ಲೋಕಪ್ರಸಿದ್ಧವಾದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇದೇ ವಿವಾದ ಇಬ್ಬರು ಹಿರಿಯರ ನಡುವೆ ನಡೆಯಿತು. ಆರ್ಥರ್ ನಾಯ್ಸ್ ಅವರು 1903ರಲ್ಲಿ ಭೌತ ರಸಾಯನಶಾಸ್ತ್ರದ ಸಂಶೋಧನಾಲಯವನ್ನು ಕಟ್ಟಿದವರು. ಶುದ್ಧ ವಿಜ್ಞಾನ ಗಟ್ಟಿಯಾದರೆ ಕೈಗಾರಿಕೆ ತಾನಾಗಿ ಬೆಳೆಯುವುದೆಂಬುದು ಅವರ ನಿಲುವು. ವಿಲಿಯಂ ವಾಕರ್ ಅವರು 1908ರಲ್ಲಿ ಅನ್ವಯಿಕ ರಸಾಯನಶಾಸ್ತ್ರದ ಸಂಶೋಧನಾಲಯವನ್ನು ಕಟ್ಟಿದವರು. ಕೈಗಾರಿಕೆಯ ಸಮಸ್ಯೆಗಳೇ ಒಳ್ಳೆಯ ಇಂಜಿನಿಯರನನ್ನು ರೂಪಿಸುವುವೆಂಬುದು ಅವರ ನಿಲುವು. ನಾಯ್ಸ್ 1919ರಲ್ಲಿ ಆ ಸಂಸ್ಥೆಯನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದರು. ಸ್ವಲ್ಪ ಕಾಲದಲ್ಲಿಯೇ ವಾಕರ್ ಅವರೂ ಹೊರಟುಹೋದರು. ಗೆದ್ದವರು ಯಾರೆಂದು ಹೇಳುವುದು ಕಷ್ಟ.

ಅಷ್ಟರಲ್ಲಿ ವಾಕರ್ ಅವರು ಆರ್ಥರ್ ಲಿಟಲ್ ಅವರೊಡನೆ ಒಂದು ವಿಶಿಷ್ಟ ಪಾಠಶಾಲೆಯನ್ನು ನೆಲೆಗೊಳಿಸಿದ್ದರು. 1916ರಲ್ಲಿ ಆರಂಭವಾದ ಅದರ ಹೆಸರು ರಾಸಾಯನಿಕ ಇಂಜಿನಿಯರಿಂಗ್ ಅಭ್ಯಾಸ ಶಾಲೆ. ಛಾಯಾಚಿತ್ರ ಉದ್ಯಮದ ಜಾರ್ಜ್ ಈಸ್ಟ್‌ಮನ್ ಅವರು ಅದಕ್ಕಾಗಿ 3 ಲಕ್ಷ ಡಾಲರುಗಳನ್ನು ಕೊಟ್ಟರು. ಬೇರೆ ಬೇರೆ ಊರುಗಳ ಕಾರ್ಖಾನೆಗಳಲ್ಲಿ ಐದು ಕೇಂದ್ರಗಳು ಏರ್ಪಟ್ಟವು. ಪ್ರತಿ ಕೇಂದ್ರದಲ್ಲಿಯೂ ಸಂಸ್ಥೆಯ ಒಬ್ಬ ಅಧ್ಯಾಪಕ ಅಲ್ಲಿಯೇ ವಾಸಮಾಡುತ್ತಿದ್ದ. ವಿದ್ಯಾರ್ಥಿಗಳು ಕಾರ್ಖಾನೆಯ ಕೂಲಿಯಾಳುಗಳಾಗಿರಲಿಲ್ಲ. ಅವರು ಗುಂಪುಗುಂಪಾಗಿ ನಡೆಯುತ್ತಿರುವ ಯಂತ್ರಗಳನ್ನು ಅಳೆದು, ಶಾಖ ಎಲ್ಲಿ ಸೋರುತ್ತಿದೆ, ಪದಾರ್ಥ ಎಲ್ಲಿ ನಷ್ಟವಾಗುತ್ತಿದೆ ಎಂದು ಲೆಕ್ಕಹಾಕಿ, ವರದಿ ಬರೆದು, ಅದನ್ನು ಎಲ್ಲರೆದುರು ಸಮರ್ಥಿಸಬೇಕಾಗಿತ್ತು. ಸಕ್ಕರೆ, ಕಾಗದ, ಸಿಮೆಂಟು ಎಂದು ಕಸುಬುಗಳು ಬೇರೆಯಾದರೂ ಅವುಗಳ ಒಳಗೆ ನಡೆಯುವುದು ಅರೆಯುವುದು, ಸೋಸುವುದು, ಬಟ್ಟಿಯಿಳಿಸುವುದು, ಆವಿಯಾಗಿಸುವುದು ಮುಂತಾದ ಕೆಲವೇ ಮೂಲಕ್ರಿಯೆಗಳು ಎಂದು ಲಿಟಲ್ 1915ರಲ್ಲಿ ಪ್ರತಿಪಾದಿಸಿದ್ದರು. ಕಬ್ಬಿನ ರಸವನ್ನು ಗಟ್ಟಿಮಾಡುವ ಬಾಣಲೆಯನ್ನು ಅರಿತವನು ಕಾಗದದ ಕಾರ್ಖಾನೆಯ ಕಪ್ಪು ದ್ರವವನ್ನು ಗಟ್ಟಿಮಾಡುವುದನ್ನೂ ಅರಿಯಬಲ್ಲ. ಯುದ್ಧದ ಕಾರಣ 1917ರಲ್ಲಿ ನಿಂತ ಶಾಲೆ 1920ರಲ್ಲಿ ಮತ್ತೆ ಆರಂಭವಾಯಿತು.

1963ರಲ್ಲಿ ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜು ಈ ವಿಚಾರಕ್ಕೆ ವೈದ್ಯಕೀಯದಿಂದ ಒಂದು ಹೆಸರನ್ನು ಎರವಲು ತಂದಿತು: ಕ್ಲಿನಿಕ್. ವೈದ್ಯಕೀಯ ವಿದ್ಯಾರ್ಥಿ ರೋಗಿಯ ಹಾಸಿಗೆಯ ಬಳಿ ಕಲಿಯುವಂತೆ ಇಂಜಿನಿಯರಿಂಗ್ ವಿದ್ಯಾರ್ಥಿ ಕಾರ್ಖಾನೆಯ ನಿಜವಾದ ಸಮಸ್ಯೆಯ ಬಳಿ ಕಲಿಯಬೇಕು. ನಾಲ್ಕೈದು ವಿದ್ಯಾರ್ಥಿಗಳ ತಂಡ ಒಂದು ಉದ್ಯಮದ ಸಮಸ್ಯೆಯನ್ನು ವರ್ಷಪೂರ್ತಿ ಹಿಡಿದು ಬಿಡಿಸುತ್ತದೆ. ಉದ್ಯಮ ಅದಕ್ಕೆ ಶುಲ್ಕ ಕೊಡುತ್ತದೆ. ಶುಲ್ಕವೆಂಬುದು ಇಲ್ಲಿ ಸಣ್ಣ ಸಂಗತಿಯಲ್ಲ. ಪುಕ್ಕಟೆಯಾಗಿ ದೊರೆತ ವಿದ್ಯಾರ್ಥಿಗೆ ಕಾರ್ಖಾನೆಯವನು ತನಗೆ ಬೇಡವಾದ ಸಮಸ್ಯೆಯನ್ನು ಕೊಡುತ್ತಾನೆ. ಹಣ ಕೊಟ್ಟವನು ತನಗೆ ನಿದ್ದೆಗೆಡಿಸಿದ ಸಮಸ್ಯೆಯನ್ನೇ ಕೊಡುತ್ತಾನೆ.

ಎಂ.ಐ.ಟಿ.ಯ ಅಭ್ಯಾಸ ಶಾಲೆಯ ಒಂದು ಕುಡಿ ನಮ್ಮ ದೇಶಕ್ಕೂ ಬಂದಿತು. ರಾಜಸ್ಥಾನದ ಪಿಲಾನಿಯಲ್ಲಿ 1964ರಲ್ಲಿ ರೂಪುಗೊಂಡ ಬಿರ್ಲಾ ತಂತ್ರಜ್ಞಾನ ಮತ್ತು ವಿಜ್ಞಾನ ಸಂಸ್ಥೆಗೆ ಎಂ.ಐ.ಟಿ.ಯ ಸಹಕಾರವಿತ್ತು. ಸಿ.ಆರ್. ಮಿತ್ರ ಅವರು ನಿರ್ದೇಶಕರಾಗಿದ್ದಾಗ, 1973ರಲ್ಲಿ, ಅಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಎಂಬ ಹೆಸರಿನಲ್ಲಿಯೇ ಯೋಜನೆ ಆರಂಭವಾಯಿತು. ಮರುಭೂಮಿಯ ಅಂಚಿನ ಪಿಲಾನಿಯಲ್ಲಿ ನೆರೆಯ ಕಾರ್ಖಾನೆಗಳ ಗದ್ದಲವಿರಲಿಲ್ಲ. ಆದ್ದರಿಂದ ಆ ಸಂಸ್ಥೆ ವಿದ್ಯಾರ್ಥಿಗಳನ್ನು ದೇಶದ ನಾನಾ ಕಡೆಯ ಕಾರ್ಖಾನೆಗಳಿಗೆ ಕಳುಹಿಸಿತು. ಅವರಿಗೆ ಮಾರ್ಗದರ್ಶನ ಮಾಡುವ ಹೊಣೆಯನ್ನು ಅಧ್ಯಾಪಕರಿಗೆ ವಹಿಸಿತು.

ಕರ್ನಾಟಕದ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಇಲ್ಲಿ ಕಾರ್ಖಾನೆಗಳು ಕಾಲೇಜುಗಳ ಮಗ್ಗುಲಲ್ಲಿಯೇ ಇವೆ. ಬೆಂಗಳೂರಿನ ಪೀಣ್ಯದಲ್ಲಿ ಸಾವಿರಾರು ಸಣ್ಣ ಘಟಕಗಳಿವೆ; ಬೆಳಗಾವಿಯ ಎರಕದ ಕಾರ್ಖಾನೆಗಳು ದೇಶಕ್ಕೆಲ್ಲ ಗೊತ್ತು. ಇವುಗಳಲ್ಲಿ ಬಹುಪಾಲು ಸಣ್ಣವು; ಅವುಗಳಿಗೆ ತಮ್ಮದೇ ಸಂಶೋಧನಾ ವಿಭಾಗವನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಆಯ್ಕೆಯಾದ ಯೋಜನೆಗಳನ್ನು ಪ್ರದರ್ಶನಕ್ಕೂ ತರುತ್ತದೆ. ಕಾರ್ಖಾನೆಗಳಲ್ಲಿ ತರಬೇತಿ ಪಡೆಯುವುದು ಪದವಿಯ ನಿಯಮಗಳಲ್ಲಿಯೂ ಸೇರಿದೆ. ಹೀಗೆ ಹುಡುಗರಿಗೆ ಹೊಸ್ತಿಲು ದಾಟಲು ಅವಕಾಶವೇನೋ ಆಗಿದೆ. ಅವರ ಹಿಂದೆಯೇ ಹೋಗಿ, ಎರಕದಲ್ಲಿ ಗುಳ್ಳೆ ಬಿದ್ದುದನ್ನು ಕಣ್ಣಾರೆ ಕಂಡು, ಮುಂದಿನ ವಾರ ಅದನ್ನೇ ಕರಿಹಲಗೆಯ ಮೇಲೆ ಬರೆಯುವ ಆ ಸಂಯೋಜಕನ ಹುದ್ದೆ ತಮ್ಮ ಊರಿನ ಕಾಲೇಜಿನಲ್ಲಿ ಇದೆಯೇ, ಇದ್ದರೆ ಅವನು ವಾರಕ್ಕೆ ಎಷ್ಟು ಗಂಟೆ ಕಾಲೇಜಿನ ಹೊರಗಿರುತ್ತಾನೆ ಎಂಬುದನ್ನು ವಾಚಕರು ಒಮ್ಮೆ ಹೋಗಿ ವಿಚಾರಿಸಬಹುದು.